ಮತ್ಸ್ಯಕನ್ಯಿ ಡೇರೆದ ಹಿಂದ

ಮೇ ತಿಂಗಳು ಅಂದ್ರ ನಮ್ಮನ್ಯಾಗ
ಅಪ್ಪ ಸಿಗಲಾರದ ತಿಂಗಳು.
ಕಲಬುರಗಿ ಊರಿಗೂರೇ ಬಾಗಲಾ ಹಾಕ್ಕೊಂಡು ಮಲಗಿದಾಗ
ಮಾಪಣ್ಣನ ಅಂಗಡಿ ಮುಂದ ಸಾಲು ಹಚ್ಚಿರ್ತಿದ್ವು
ಜಂಗು ಹಿಡಿದ ಕೂಲರ್, ಸುಟ್ಟ ಮೋಟರ್,
ರೆಕ್ಕಿ ಮುರಿದ ಫ್ಯಾನು.
ಊರಿಗೆ ಗಾಳಿ ಹಂಚಾಂವ
ಮನಿಗೆ ಬರೂದು ರಾತ್ರಿ ಹನ್ನೊಂದಕ್ಕ,
ಮೈಯೆಲ್ಲ ಗ್ರೀಸು.

ಆ ವರ್ಷ ಏನಾತೋ.
‘ಮೂರು ದಿನ ಬಂದ್’ ಅಂತ ರಟ್ಟಿನ ಮ್ಯಾಲ ಬರದು ತೂಗಹಾಕಿ
ಲಗೇಜ್ ಆಟೊದಾಗ ಚಾಪಿ, ಕೊಡ, ಸ್ಟೋ ಹೇರಿದ.
ಅವ್ವ ಎರಡು ಸಲ ಅವನ ಹಣಿ ಮುಟ್ಟಿ ನೋಡಿದಳು.
ಜ್ವರ ಇರಲಿಲ್ಲ.

ಹಿಂದ ಕೂಲರಿನ ಹುಲ್ಲಿನ ಪೆಂಡಿ ಮ್ಯಾಲ
ನಾನು, ಮಲ್ಕು, ಸಣ್ಣವ್ವ.
ಒಣಗಿದ್ರೂ ಹುಲ್ಲು ನೀರಿನ ನೆನಪು ಬಿಟ್ಟಿರಲಿಲ್ಲ.
ಜೇವರ್ಗಿ ದಾರಿ. ಫರಸಿ ಕಲ್ಲು ನಿಂದ್ರಿಸಿದ ಬೇಲಿ,
ಎರಿ ಹೊಲದ ಬಿರುಕು,
ದೂರದಾಗ ಡಾಂಬರಿನ ಮ್ಯಾಲ ಇಲ್ಲದ ನೀರು.
ಭೀಮಾ ಸೇತುವಿ ಮ್ಯಾಲ ಗಾಡಿ ನಿಂದ್ರಿಸಿ
ಅಪ್ಪ ಬಗ್ಗಿ ನೋಡಿದ: ಮಡುವಿನಾಗ ಕುತ್ತಿಗಿತನಕ ಮುಳುಗಿದ ನಾಕು ಎಮ್ಮಿ.
“ಅಕಲು ಇದ್ದದ್ದು ಇವುಕ್ಕ ಅಷ್ಟೇ ನೋಡು” ಅಂದ.

ಶಹಾಪುರ ಬರೂದ್ರಾಗ ಹೊತ್ತು ಇಳದಿತ್ತು.
ಗುಡ್ಡ ಕಾಣಿಸ್ತು. ಹಣಿ, ಮೂಗು, ಗದ್ದ, ಎದಿ,
ಆಕಾಶಕ್ಕ ಮಾರಿ ಮಾಡಿ ಮಲಗಿದ ಬುದ್ಧ.
“ಅಲ್ಲಿ ನಿಂತ್ರ ಬರೇ ಕಲ್ಲು, ಇಲ್ಲಿ ನಿಂತ್ರ ದೇವ್ರು”
ಅಂತ ಕಬ್ಬಿನ ಹಾಲಿನಾಂವ
ತನ್ನ ಗಾಡಿ ಮುಂದಿನ ಜಾಗಾ ತೋರಿಸಿದ.
ಖರೇನೇ ಇತ್ತು. ಐದು ಗ್ಲಾಸು ಕುಡದ್ವಿ.

ಊರ ಹೊರಗ ನುಮಾಯಿಷು.
ಜೈಂಟ್ ವೀಲು, ಕಟಗಿ ಬಾವ್ಯಾಗ ಬೈಕು ಓಡಿಸಾಂವ,
ಮೈಕಿನಾಗ: “ಅರ್ಧ ಹೆಣ್ಣು, ಅರ್ಧ ಮೀನು, ಹತ್ತೇ ರೂಪಾಯಿ!”
ಒಳಗ ಗಾಜಿನ ಹಿಂದ ಹಸರು ಬೆಳಕು.
ಆಕಿ ಕೈ ಬೀಸಿದಳು, ಬಾಲ ಬಡದಳು.
ಮಲ್ಕು ಸಣ್ಣವ್ವನ ಸೆರಗಿನಾಗ ಹೊಕ್ಕ.
ಅಪ್ಪ ಆಕಿನ್ನ ನೋಡಲೇ ಇಲ್ಲ,
ಕಿವಿ ನೆಟ್ಟಗ ಮಾಡಿ ನಿಂತಿದ್ದ.
“ಬೇರಿಂಗ್ ಹೋಗ್ಯಾದ.”

ಡೇರೆದ ಹಿಂದ ಒಂದು ಕೂಲರ್ ಕೆಮ್ಮಲಿಕ್ಕತ್ತಿತ್ತು.
ಬಂದ್ ಅಂದಾಂವನ ಅಂಗಿ ಕಿಸೆದಾಗೇ ಇತ್ತು ಸ್ಕ್ರೂಡ್ರೈವರ್.
ನಾ ಬ್ಯಾಟರಿ ಹಿಡಕೊಂಡು ಕುಂತೆ.
ಪಡದಿ ಸರೀತು. ಇಬ್ಬರು ಗಂಡಸರು
ಮತ್ಸ್ಯಕನ್ಯಿನ್ನ ಕುರ್ಚಿ ಸಮೇತ ಹೊತ್ತು ತಂದಿಟ್ಟು
ರೆಕ್ಸಿನ್ ಬಾಲದ ಜಿಪ್ಪು ಎಳದ್ರು.
ಒಳಗಿಂದ ಎರಡು ಪಾದ.
ನೆನದು ಬೆಳ್ಳಗ, ಸುಕ್ಕು ಸುಕ್ಕು,
ಬೆರಳಿಗೆ ಕಾಲುಂಗರದ ಗುರುತು.
“ಸೊಲ್ಲಾಪುರದಾಕಿ” ಅಂದಳು, ಯಾರೂ ಕೇಳದೇನೇ,
ಬಾಯಾಗ ಚುರುಮುರಿ ಹಾಕ್ಕೊಂತ.
“ನಾಕು ದಿನಾತು ಅಣ್ಣಾ, ಒಳಗ ಕುದೀಲಿಕ್ಕತ್ತೀನಿ.”

ಕೂಲರ್ ತಿರುಗಿತು.
ಆಕಿ ಕಣ್ಣು ಮುಚ್ಚಿ ಗಾಳಿಗೆ ಮಾರಿ ಕೊಟ್ಟಳು,
ಥೇಟ್ ಆ ಗುಡ್ಡದ ಹಂಗ.
ರೊಕ್ಕ ಬ್ಯಾಡ ಅಂದ ಅಪ್ಪ.
ನಮಗ ಜೈಂಟ್ ವೀಲು ಪುಕ್ಕಟ ಆತು, ಅವ್ವ ಕೂಡ್ಲಿಲ್ಲ,
ತೆಳಗ ನಮ್ಮ ಚಪ್ಪಲಿ ಕಾಯ್ಕೊಂತ ನಿಂತಳು.

ರಾತ್ರಿ ಕೆರಿ ದಂಡಿಗೆ ಹಾಸುಗಲ್ಲಿನ ಮ್ಯಾಲ ಚಾಪಿ.
ಕಲ್ಲು ಇನ್ನಾ ಬಿಸಿ.
ಕಟಕ ರೊಟ್ಟಿ, ಶೇಂಗಾ ಹಿಂಡಿ, ಗುದ್ದಿದ ಉಳ್ಳಾಗಡ್ಡಿ.
ನಡುರಾತ್ರಿ ಅಪ್ಪ ಎದ್ದು ಕುಂತ.
“ಸಪ್ಪಳೇ ಇಲ್ಲಲ್ಲ” ಅಂದ ಅವ್ವಗ,
“ಗಾಳಿ ಬರ್ಲಿಕ್ಕತ್ಯಾದ, ಮೋಟರ್ ಎಲ್ಲದ?”
ಅವ್ವ ನಕ್ಕೊಂತ ಆ ಕಡಿ ಹೊಳ್ಳಿದಳು.
ನಾ ದಿಂಬಿನ ಚೀಲದಾಗ ಎರಡೂ ಕಾಲು ತುರುಕಿ
ಎದ್ದು ನಿಂದ್ರಲಿಕ್ಕ ನೋಡಿದೆ. ಬಿದ್ದೆ.
ಮತ್ತ ನೋಡಿದೆ.

ಮರುದಿನ ಸುರಪುರ ಅಂತಿತ್ತು.
“ಪಂಪ್ ಒಂದು ನೋಡಿ ಹೋಗೂಣು” ಅಂದ ಅಪ್ಪ,
ಗಾಡಿ ಹೊಳ್ಳಿ ನುಮಾಯಿಷಿನ ಕಡೀಗೇ.
ಮುಂಜಾನಿ ಬಿಸಲಾಗ ಮೈದಾನೆಲ್ಲ ಸಣ್ಣದಾಗಿತ್ತು,
ಲೈಟಿಲ್ಲದ ವೀಲು, ಕಾಗದಾ, ನಾಯಿ.
ಡೇರೆದ ಹಿಂದ ಹಗ್ಗದ ಮ್ಯಾಲ
ಎರಡು ಪರಕಾರ, ಒಂದು ಟವೆಲ್ಲು,
ನಡುವ ಆ ಬಾಲ,
ಬಿಸಿ ಗಾಳ್ಯಾಗ ತನ್ನಷ್ಟಕ್ಕ ತಾ
ಈಸಲಿಕ್ಕತ್ತಿತ್ತು.